ತೊಂಬತ್ತಮೂರು ಲಕ್ಷದ ಶಿಕಾರಿ ಬಜಾರ್

ಶಿಕಾರಿಪುರದ ಮುನೀರ್ ಅಹ್ಮದ್ ಸಾಬರು ಮೂವತ್ತೊಂದು ವರ್ಷ ಅಂಗಡಿಗಳ ಬೋರ್ಡ್ ಬರೆದವರು. ಅವರು ಬರೆದ 'ಳ' ಅಕ್ಷರದ ಬಾಲ ನೋಡಿದ ಗಿರಾಕಿ ಒಳಗೆ ಹೋಗದೆ ಮುಂದೆ ಹೋಗುತ್ತಿರಲಿಲ್ಲ ಎಂದು ಹಳೆಯ ವ್ಯಾಪಾರಿಗಳು ಈಗಲೂ ಹೇಳುತ್ತಾರೆ. ಆಮೇಲೆ ಫ್ಲೆಕ್ಸ್ ಬಂತು. ಮುನೀರ್ ಸಾಬರು ಒಂದು ವಾರದಲ್ಲಿ ಮಾಡುತ್ತಿದ್ದ ಕೆಲಸವನ್ನು ಯಂತ್ರ ಅರ್ಧ ಗಂಟೆಯಲ್ಲಿ, ಅದೂ ಮಾಲೀಕನ ಫೋಟೋ ಸಮೇತ ಮಾಡಿ ಬಿಸಾಕಿತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮುನೀರ್ ಸಾಬರ ಕೈ ತಲೆಯ ಮೇಲೆ ನಿಲ್ಲುವ ಜಾತಿಯದಲ್ಲ. ಅದು ಸದಾ ಏನನ್ನೋ ತೋರಿಸುತ್ತಾ ಗಾಳಿಯಲ್ಲೇ ಇರುತ್ತದೆ.

"ಈಗ ಗೋಡೆ ಯಾರು ನೋಡ್ತಾರ್ರೀ? ಎಲ್ಲರೂ ತಲೆ ಬಗ್ಗಿಸಿ ಫೋನ್ ನೋಡ್ತಾರೆ. ಅಂದ್ಮೇಲೆ ಬೋರ್ಡು ಫೋನಿನೊಳಗೇ ಹೋಗ್ಬೇಕು!" ಎಂದು ಅವರು ಘೋಷಿಸಿದರು.

ಮಗಳು ಸಬ್ರೀನ್ ಬಿಸಿಎ ಎರಡನೇ ವರ್ಷ ಓದುತ್ತಿದ್ದಳು. ಶಿಕಾರಿಪುರ, ಸೊರಬ, ಆನವಟ್ಟಿಯ ಅಂಗಡಿಗಳ ಹೆಸರು, ಫೋನ್ ನಂಬರು, ಅಲ್ಲಿ ಏನೇನು ಸಿಗುತ್ತದೆ ಎಂಬ ವಿವರವೆಲ್ಲ ಸೇರಿಸಿ ಅವಳು ಅಪ್ಪನಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟಳು. 'ಶಿಕಾರಿಪುರ ಬಜಾರ್' ಎಂದು ಹೆಸರಿಡೋಣ ಎಂದಳು. ಸಾಬರೊಳಗಿನ ಪೇಂಟರ್ ಎದ್ದು ಕೂತ.

"ಪುರ ತೆಗಿ. ಅಕ್ಷರ ಜಾಸ್ತಿ ಆದಂಗೆಲ್ಲ ಬೋರ್ಡು ಮಂಕಾಗ್ತೈತಿ. ಶಿಕಾರಿ ಬಜಾರ್! ದೂರದಿಂದ ಕಾಣ್ತೈತಿ ನೋಡು."

ಹೀಗೆ ಊರಿನ ಹೆಸರಿನಿಂದ ಊರನ್ನೇ ತೆಗೆದು ಅವರು ವ್ಯಾಪಾರ ಶುರು ಮಾಡಿದರು.

ಮೂರು ತಿಂಗಳು ಒಂದೂ ಜಾಹೀರಾತು ಬರಲಿಲ್ಲ. "ನಿಮ್ಮ ಸೈಟ್ ಎಷ್ಟು ಜನ ನೋಡ್ತಾರೆ?" ಎಂದು ಪ್ರತಿ ಅಂಗಡಿಯವನೂ ಕೇಳುತ್ತಿದ್ದ. ಅದಕ್ಕೆ ಸಾಬರ ಬಳಿ "ಭಾಳ ಜನ" ಎಂಬುದಕ್ಕಿಂತ ನಿಖರವಾದ ಉತ್ತರ ಇರಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಯೋಗೇಶನ ಬಳಿ ಹೋಗಿ ಗೋಳು ಹೇಳಿಕೊಂಡರು.

ಯೋಗೇಶ ಎಲ್ಲ ವಿಷಯವನ್ನೂ ಅರ್ಧ ಬಲ್ಲವನು. ಉಳಿದರ್ಧವನ್ನು ಧೈರ್ಯದಿಂದ ತುಂಬಿಸುತ್ತಿದ್ದ.

"ಅದಕ್ಕೊಂದು ಸೈಟ್ ಐತಿ ಮುನೀರಣ್ಣ. ಪ್ರಪಂಚದ ಎಲ್ಲಾ ವೆಬ್‌ಸೈಟಿನ ಲೆಕ್ಕ ಇಡ್ತಾರೆ ಅವರು" ಎಂದವನೇ ಏನೋ ಒತ್ತಿದ. ಪರದೆಯ ಮೇಲೆ ಶಿಕಾರಿ ಬಜಾರ್ ಹೆಸರಿನ ಎದುರಿಗೆ ಒಂದು ಸಂಖ್ಯೆ ಬಂತು: 93,14,208.

ಸಾಬರು ಎಣಿಸಿದರು. ಕನ್ನಡಕ ಒರೆಸಿ ಮತ್ತೆ ಎಣಿಸಿದರು. "ತೊಂಬತ್ತಮೂರು ಲಕ್ಷ!"

"ಹಂಗೇ ಕಾಣ್ತೈತಿ" ಎಂದ ಯೋಗೇಶ.

ಸಾಬರು ಮನೆಗೆ ನಡೆದು ಬರಲಿಲ್ಲ, ಓಡಿ ಬಂದರು. ಹೆಂಡತಿ ಸರ್ವರ್ ಬೀ ಅಕ್ಕಿ ಆರಿಸುತ್ತಿದ್ದರು.

"ತೊಂಬತ್ತಮೂರು ಲಕ್ಷ ಜನ ನಮ್ಮನ್ನ ನೋಡ್ತಾವ್ರೆ!"

ಸರ್ವರ್ ಬೀ ಅವಸರದಲ್ಲಿ ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. "ಅಷ್ಟು ಜನ ನೋಡ್ತಿದ್ರೆ ಮನೆ ಮುಂದಿನ ಚರಂಡಿ ಯಾಕೆ ಇನ್ನೂ ಹಂಗೇ ಐತಿ?" ಎಂದು ಕೇಳಿ ಮತ್ತೆ ಅಕ್ಕಿಗೆ ಕೈ ಹಾಕಿದರು.

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಸ್ಥಿತಿಯನ್ನು ಸಾಬರು ದಾಟಿಹೋಗಿದ್ದರು. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಆನವಟ್ಟಿಗೆ ಹೊರಟರು.

ಆನವಟ್ಟಿಯಲ್ಲಿ ಸುಬ್ಬಪ್ಪನವರದು ದೊಡ್ಡ ಅಂಗಡಿ. ಬೆಳೆಗೆ ಔಷಧಿ ಹೊಡೆಯುವ ಸ್ಪ್ರೇಯರ್, ಬೇಲಿ ತಂತಿ, ಹೊಲಕ್ಕೆ ನುಗ್ಗುವ ಹಂದಿ ಓಡಿಸುವ ಸೈರನ್, ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಸುಬ್ಬಪ್ಪನವರು ನೋಟನ್ನು ಬೆಳಕಿಗೆ ಹಿಡಿದು ನೋಡುವುದಷ್ಟೇ ಅಲ್ಲ, ಕೊಟ್ಟವನನ್ನೂ ಬೆಳಕಿಗೆ ನಿಲ್ಲಿಸಿ ನೋಡುವವರು. ಅವರು ಜಾಹೀರಾತು ಕೊಟ್ಟರೆ ಎರಡು ತಾಲ್ಲೂಕಿನ ಅಂಗಡಿಯವರೆಲ್ಲ ಕೊಟ್ಟ ಹಾಗೆ.

"ಎಷ್ಟು ಲಕ್ಷ ಅಂದ್ರಿ?"

"ತೊಂಬತ್ತಮೂರು."

"ಸಾಬ್ರೇ, ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಜನ, ಅವರ ದನ, ಕರು, ಕೋಳಿ ಎಲ್ಲಾ ಸೇರಿಸಿದ್ರೂ ಅಷ್ಟಾಗದಿಲ್ಲ ಕಣ್ರೀ."

"ಹೊರಗಿನವರೂ ನೋಡ್ತಾರಲ್ರೀ!"

"ಹೊರಗಿನವರು ನೋಡಿ ಎಂತ ಮಾಡ್ತಾರೆ? ದುಬೈಯವ ಬಂದು ನನ್ನ ಹತ್ರ ಬೇಲಿ ತಂತಿ ತಗೊಂಡು ಹೋಗ್ತಾನಾ?"

"ಇವತ್ತು ನೋಡ್ತಾನೆ, ನಾಳೆ ತಗೊಂತಾನೆ. ಜಾಹೀರಾತು ಅಂದ್ರೆ ಅದೇ ಅಲ್ವೇನ್ರೀ?"

ಸುಬ್ಬಪ್ಪನವರು ಸಂಖ್ಯೆಯನ್ನು ತಾವೇ ಫೋನಿನಲ್ಲಿ ನೋಡಿದರು. ಇತ್ತು. ಅಂಗಡಿಯ ಹುಡುಗನ ಫೋನಿನಲ್ಲಿ ನೋಡಿಸಿದರು. ಅಲ್ಲೂ ಇತ್ತು. ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ತಿಂಗಳಿಗೊಮ್ಮೆ ಸಾಬರು ಬಂದು ನಂಬರು ತೋರಿಸಬೇಕು. ಅದು ಇಳಿದರೆ ಜಾಹೀರಾತು ಬಂದ್. "ಮತ್ತೆ ಮುನೀರ್ ಸಾಬ್ರ ಮಾತು ನಂಬಬೇಡಿ ಅಂತ ಸಂತೆಲಿ ಡಂಗುರ ಹೊಡಿಸ್ತೀನಿ. ಬೇಜಾರು ಮಾಡ್ಕಬೇಡಿ" ಎಂದು ಕಾಫಿ ತರಿಸಿದರು.

ಆ ಸಂಜೆ ಸಬ್ರೀನ್ ವಿಷಯ ಕೇಳಿ ಪುಸ್ತಕ ಮುಚ್ಚಿದಳು.

"ಅಬ್ಬಾ, ಅದು ಜನ ಅಲ್ಲ, ರ‍್ಯಾಂಕು. ತೊಂಬತ್ತಮೂರು ಲಕ್ಷ ಸೈಟ್ ನಮಗಿಂತ ಮುಂದಿದಾವೆ ಅಂತ ಅರ್ಥ."

ಒಂದು ಲೋಟ ಚಹಾ ತಣ್ಣಗಾಗುವಷ್ಟು ಹೊತ್ತು ಮುನೀರ್ ಸಾಬರು ಮಾತಾಡಲಿಲ್ಲ. ಅವರ ಮದುವೆಯಾದ ಮೇಲೆ ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು ಎಂದು ಸರ್ವರ್ ಬೀ ಆಮೇಲೆ ಅಕ್ಕಪಕ್ಕದವರಿಗೆ ಹೇಳಿದರು.

"ನಿಜವಾಗ್ಲೂ ನಮ್ಮ ಸೈಟಿಗೆ ಎಷ್ಟು ಜನ ಬರ್ತಾರೆ?"

"ದಿನಕ್ಕೆ ಮೂವತ್ತೈದು. ಅದು ನಮ್ಮ ಸೈಟಿನದೇ ಲೆಕ್ಕ, ಸರಿಯಾಗೇ ಇರುತ್ತೆ. ಆ ರ‍್ಯಾಂಕ್ ನಂಬಬೇಡಿ ಅಬ್ಬಾ. ಅವರದೊಂದು ಆಪ್ ಐತಿ. ಅದನ್ನ ಹಾಕ್ಕೊಂಡೋರು ಏನು ನೋಡ್ತಾರೋ ಅಷ್ಟನ್ನೇ ನೋಡಿ ಉಳಿದದ್ದನ್ನ ಅಂದಾಜು ಮಾಡ್ತಾರೆ. ಊರಲ್ಲಿ ಯಾವ ಹೋಟೆಲ್ ಚಂದ ಅಂತ ನಾಲ್ಕೇ ಮನೆಗೆ ಹೋಗಿ ಕೇಳಿದಂಗೆ. ನಮ್ಮ ಕಡೆ ಆ ಆಪ್ ಯಾರ ಹತ್ರಾನೂ ಇಲ್ಲ."

ನಂಬಬೇಡಿ ಎಂದು ಮಗಳು ಹೇಳಿದ ಮಾತು ಸಾಬರ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಒಳಗೆ ಹೋದದ್ದು ಇಷ್ಟೇ.

"ಆಪ್ ಹಾಕ್ಕೊಂಡೋರನ್ನ ಮಾತ್ರ ಎಣಿಸ್ತಾರಾ?" ಕೈ ಮತ್ತೆ ಗಾಳಿಗೆ ಏರಿತು. "ಹಂಗಾದ್ರೆ ಹಾಕಿಸಿದ್ರಾತು!"

ಮಗಳು ಎರಡು ವಾರದ ರಜೆಗೆ ಸೊರಬದಲ್ಲಿದ್ದ ಚಿಕ್ಕಮ್ಮ ಅಂಬರೀನ್ ಮನೆಗೆ ಹೋದದ್ದೇ ತಡ, ಶಿಕಾರಿಪುರದಲ್ಲಿ ಕಾರ್ಯಾಚರಣೆ ಶುರುವಾಯಿತು. ಸಾಬರು ಅಣ್ಣ, ತಮ್ಮ, ಭಾವ, ಷಡ್ಡಕ, ಬೀಗರು, ಬೀಗರ ಬೀಗರು ಎಂದು ಇಪ್ಪತ್ತಾರು ಫೋನುಗಳಿಗೆ ಆ ಆಪ್ ಹಾಕಿಸಿದರು. ಎಲ್ಲರಿಗೂ ಒಂದೇ ಕೆಲಸ. ಬಿಡುವು ಸಿಕ್ಕಾಗಲೆಲ್ಲ ಶಿಕಾರಿ ಬಜಾರ್ ತೆಗೆಯುವುದು, ಮುಚ್ಚುವುದು, ತೆಗೆಯುವುದು. ಭಾವಮೈದ ಕಲೀಂ ದರ್ಜಿ. ಒಂದು ಗುಂಡಿ ಹೊಲಿದರೆ ಒಂದು ಸಲ ತೆಗೆಯುತ್ತಿದ್ದ. ಶರ್ಟಿಗಿಂತ ಶೇರ್ವಾನಿಯಲ್ಲಿ ಹೆಚ್ಚು ಲಾಭ ಎಂದು ಅವನೇ ಕಂಡುಹಿಡಿದ. ಸರ್ವರ್ ಬೀ ಮೊದಲು ಬೈದರು. ಆಮೇಲೆ ರೊಟ್ಟಿ ಒಂದು ಮಗ್ಗುಲು ಬೇಯುವಷ್ಟರಲ್ಲಿ ನಾಲ್ಕು ಸಲ ತೆಗೆದು ಮುಚ್ಚುವ ಚಾಕಚಕ್ಯತೆ ಬೆಳೆಸಿಕೊಂಡು, ಮನೆತನದಲ್ಲಿ ಯಾರೂ ತಮ್ಮನ್ನು ಹಿಂದೆ ಹಾಕದಂತೆ ನೋಡಿಕೊಂಡರು.

ಮೂರನೇ ದಿನ ರ‍್ಯಾಂಕು ನಲವತ್ತು ಲಕ್ಷಕ್ಕೆ ಬಂತು. ಒಂಬತ್ತನೇ ದಿನ ನಾಲ್ಕು ಲಕ್ಷ! ಸಾಬರು ಬೀದಿಗೆಲ್ಲ ಜಿಲೇಬಿ ಹಂಚಿದರು.

ಜಿಲೇಬಿಯ ಪಾಕ ಕೈಯಿಂದ ಹೋಗುವ ಮೊದಲೇ ಸುಬ್ಬಪ್ಪನವರ ಫೋನು ಬಂತು.

"ಎಂತ ಸಾಬ್ರೇ ಇದು? ಎಂಬತ್ತೊಂಬತ್ತು ಲಕ್ಷ ಜನ ಎಲ್ಲಿ ಹೋದ್ರು?"

"ಸುಬ್ಬಪ್ಪನೋರೆ, ಅದು ಇಳಿದಷ್ಟೂ ಏರಿದಂಗೆ!"

"ಇಳಿದಷ್ಟೂ ಏರಕ್ಕೆ ಅದೇನು ಬಾವಿ ಹಗ್ಗನಾ?"

"ತಪ್ಪು ನಂದೇ, ಅವತ್ತು ನನಗೂ ಗೊತ್ತಿರಲಿಲ್ಲ. ಅದು ಜನ ಅಲ್ರೀ, ಸ್ಥಾನ. ನಿಮ್ಮ ಮಗ ಕ್ಲಾಸಿನಲ್ಲಿ ಎಷ್ಟನೇ ಸ್ಥಾನ?"

"ನಲವತ್ತೆರಡು."

"ಕ್ಲಾಸಲ್ಲಿ ಎಷ್ಟು ಜನ?"

ಆ ಕಡೆ ಸುಬ್ಬಪ್ಪನವರು ಒಮ್ಮೆ ಕೆಮ್ಮಿದರು. "ನಲವತ್ತೆರಡು."

"ನಾಳೆ ಅವನು ಒಂದನೇ ಸ್ಥಾನಕ್ಕೆ ಬಂದ್ರೆ ನಂಬರು ಇಳಿದಂಗೋ, ಏರಿದಂಗೋ?"

"ಆಗದ ಮಾತು ಬಿಡಿ" ಎಂದರು ಸುಬ್ಬಪ್ಪ. ಆದರೆ ಅರ್ಥವಾಗಿತ್ತು. "ಹಂಗಾದ್ರೆ ನಾಲ್ಕು ಲಕ್ಷ ಅಂತ ಹೇಳ್ಕೊಳ್ಳೋದು ನಾಚಿಕೆಗೇಡು. ಒಂದನೇ ನಂಬರ್ ತಗೊಂಡು ಬನ್ನಿ. ವರ್ಷಪೂರ್ತಿ ಜಾಹೀರಾತು ಕೊಡ್ತೀನಿ. ಸಂತೆ ದಿನ ಅಂಗಡಿ ಮುಂದೆ ಕಾರ್ಯಕ್ರಮ ಮಾಡಿ ನಿಮಗೆ ಹಾರ ಹಾಕ್ತೀನಿ."

ನಾಲ್ಕು ಲಕ್ಷದಿಂದ ಒಂದಕ್ಕೆ! ಸಾಬರು ಯೋಗೇಶನ ಬಳಿ ಓಡಿದರು. ಯೋಗೇಶ ಆ ಸೈಟಿನ ಮೂಲೆ ಮೂಲೆ ಕೆದಕಿದ. ಹತ್ತು ನಿಮಿಷಕ್ಕೆ ಕುರ್ಚಿಯಿಂದ ಜಿಗಿದ.

"ಮುನೀರಣ್ಣ! ಆಗೇ ಹೋಗೈತಿ! ಇಲ್ಲಿ ವಿಭಾಗ ಮಾಡವ್ರೆ ನೋಡು. ಇಂಡಿಯಾ, ಹಂಟಿಂಗ್, ಅದರಲ್ಲಿ ಶಿಕಾರಿ ಬಜಾರ್ ನಂಬರ್ ಒನ್!"

"ಹಂಟಿಂಗ್ ಅಂದ್ರೆ?"

ಇಲ್ಲಿ ಯೋಗೇಶನ ಅರ್ಧ ಜ್ಞಾನ ಮುಗಿದು ಧೈರ್ಯ ಆರಂಭವಾಯಿತು. "ಹುಡುಕಾಟ. ಬಾಡಿಗೆ ಮನೆ ಹುಡುಕೋಕೆ ಹೌಸ್ ಹಂಟಿಂಗ್ ಅನ್ನಲ್ವಾ? ನಿಮ್ಮ ಸೈಟಲ್ಲಿ ಜನ ಅಂಗಡಿ ಹುಡುಕ್ತಾರೆ. ಅದಕ್ಕೇ ಕೊಟ್ಟವ್ರೆ."

ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಸಾಬರು ಬಹಳ ದಿನದ ಮೇಲೆ ಕುಂಚ ತೊಳೆದರು. ಹದಿನೆಂಟು ಅಡಿ ಬಟ್ಟೆ ತಂದು ಎರಡು ಹಗಲು ಕೂತು, ಜೀವಮಾನದ ವಿದ್ಯೆಯನ್ನೆಲ್ಲ ಸುರಿದು ಬ್ಯಾನರ್ ಬರೆದರು:

ಶಿಕಾರಿ ಬಜಾರ್
ಹಂಟಿಂಗ್‌ನಲ್ಲಿ ಇಡೀ ಭಾರತಕ್ಕೇ ನಂಬರ್ ಒನ್!
ಪ್ರಾಯೋಜಕರು: ಸುಬ್ಬಪ್ಪ ಅಂಡ್ ಸನ್ಸ್, ಆನವಟ್ಟಿ

ಕೆಳಗೆ ಸುಬ್ಬಪ್ಪನವರ ಫೋನ್ ನಂಬರು, ಒಂದೊಂದು ಅಂಕಿಯೂ ಒಂದೊಂದು ಮೊಳ.

ಸಂತೆ ದಿನ ಅಂಗಡಿಯ ಮುಂದೆ ಬ್ಯಾನರ್ ಏರಿತು. ಜನ ಸೇರಿದರು. ಸುಬ್ಬಪ್ಪನವರು ತಮ್ಮ ಹೆಸರಿನ ಕೆಂಪಕ್ಷರವನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓದಿ ಕಣ್ಣು ತುಂಬಿಕೊಂಡರು. ಹಾರ ಹಾಕಲು ಕೈ ಎತ್ತಿದರು. ಅಷ್ಟರಲ್ಲಿ ಹಸಿರು ಜೀಪೊಂದು ಬಂದು ಗಕ್ಕನೆ ನಿಂತಿತು. ಅರಣ್ಯ ಇಲಾಖೆಯ ಅಧಿಕಾರಿ ಮಾನಸ ಮೇಡಂ ಇಳಿದರು. ಬ್ಯಾನರನ್ನು ಮೇಲಿನಿಂದ ಕೆಳಗೆ ಓದಿದರು. ಪ್ರಾಣಿಗೆ ಉರುಳು ಹಾಕಲೂ ಆಗುವ ಬೇಲಿ ತಂತಿಯ ಸುರುಳಿಗಳನ್ನು ನೋಡಿದರು. ಹಂದಿ ಸೈರನ್‌ಗಳನ್ನು ನೋಡಿದರು.

"ಈ ನಂಬರ್ ಒನ್ ಯಾರು?"

"ನಾನೇ ಮೇಡಂ!" ಮುನೀರ್ ಸಾಬರು ಎದೆ ಮುಂದೆ ಮಾಡಿ ಬಂದರು. ಸರ್ಕಾರದವರೂ ಅಭಿನಂದನೆಗೆ ಬಂದದ್ದು ಅವರಿಗೆ ಸಹಜವಾಗಿಯೇ ಕಂಡಿತು.

"ಎಷ್ಟು ದಿನದಿಂದ ನಡೆಸ್ತಿದೀರಿ ಇದನ್ನ?"

"ನಾಲ್ಕು ತಿಂಗಳಾತು. ಆದ್ರೆ ಜೋರಾಗಿದ್ದು ಈ ಹದಿನೈದು ದಿನದಿಂದ."

"ಒಬ್ಬರೇನಾ?"

"ಛೇ ಛೇ, ಇಪ್ಪತ್ತಾರು ಜನ. ಎಲ್ಲಾ ನಮ್ಮ ಮನೆಯವರೇ. ಹೆಂಗಸರೂ ಅದಾರೆ."

ಮೇಡಂ ಜೊತೆಗಿದ್ದ ಗಾರ್ಡ್ ಪುಸ್ತಕ ತೆಗೆದು ಬರೆಯತೊಡಗಿದ.

"ಎಲ್ಲೆಲ್ಲಿ ಮಾಡ್ತೀರಿ?"

"ಜಾಗ ಅಂತಿಲ್ಲ ಮೇಡಂ. ಬಸ್ಸಲ್ಲಿ, ಅಂಗಡಿಲಿ. ನಮ್ಮ ಮನೆಯಾಕೆ ಅಡಿಗೆಮನೆಯಲ್ಲೇ ಮಾಡ್ತಾಳೆ. ಇವತ್ತು ಬೆಳಿಗ್ಗೆ ಅವಳೊಬ್ಬಳದೇ ನಲವತ್ತು ಹಿಟ್ಸ್!"

"ನಲವತ್ತು ಹೊಡೆದ್ರಾ?"

"ನಾಷ್ಟಾಕ್ಕೆ ಮುಂಚೆ!"

ಗಾರ್ಡಿನ ಪೆನ್ನು ನಿಂತಿತು. ಮೇಡಂ ಸುಬ್ಬಪ್ಪನವರ ಕಡೆ ತಿರುಗಿದರು. "ನೀವು ಇದಕ್ಕೆಲ್ಲ ಪ್ರಾಯೋಜಕರು?"

"ಅಯ್ಯೋ, ಇವರು ಯಾರೋ ನನಗೆ ಗೊತ್ತೇ ಇಲ್ಲ ಮೇಡಂ" ಎಂದು ಸುಬ್ಬಪ್ಪನವರು ಹಾರವನ್ನು ಬೆನ್ನ ಹಿಂದೆ ಮುಚ್ಚಿಕೊಂಡರು. ಅವರ ಹೆಸರು ಮಾತ್ರ ನೆತ್ತಿಯ ಮೇಲೆ ಎರಡಡಿ ಎತ್ತರದಲ್ಲಿ ಹೊಳೆಯುತ್ತಿತ್ತು.

"ಬೇಟೆ ಆಡೋದೇ ಅಪರಾಧ. ನೀವು ಬ್ಯಾನರ್ ಕಟ್ಟಿ ಸಂಭ್ರಮ ಮಾಡ್ತಿದೀರಲ್ರೀ!"

"ಬೇಟೆನಾ?" ಸಾಬರ ಕೈ ಮೊದಲ ಬಾರಿಗೆ ಕೆಳಗಿಳಿಯಿತು.

ಅಪ್ಪನ ಕಾರ್ಯಕ್ರಮಕ್ಕೆಂದು ಸೊರಬದ ಬಸ್ಸಿನಿಂದ ಆಗಷ್ಟೇ ಇಳಿದ ಸಬ್ರೀನ್ ಬ್ಯಾನರ್ ಓದಿ, ಜೀಪು ನೋಡಿ, ಜನರನ್ನು ಸರಿಸಿಕೊಂಡು ಬಂದಳು. ಶಿಕಾರಿಪುರದಿಂದ ಪುರ ಹೋದದ್ದು, ಶಿಕಾರಿ ಅಂದರೆ ಬೇಟೆ ಅಂದುಕೊಂಡು ಯಾವುದೋ ಯಂತ್ರ ಸೈಟನ್ನು ಆ ವಿಭಾಗಕ್ಕೆ ತಳ್ಳಿದ್ದು, ನಮ್ಮ ದೇಶದಲ್ಲಿ ಬೇಟೆಗೆ ಸೈಟ್ ಮಾಡುವವರೇ ಇಲ್ಲದ್ದರಿಂದ ಮೊದಲ ಸ್ಥಾನ ಸಿಕ್ಕಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಫೋನು ಮೇಡಂ ಕೈಗಿಟ್ಟಳು. ಮೇಡಂ ಓದಿದರು. ಅಡಿಗೆಮನೆಯ ನಲವತ್ತು ಹಿಟ್ಸ್ ನೆನಪಾಗಿರಬೇಕು, ಟೋಪಿ ಅಡ್ಡ ಹಿಡಿದು ನಕ್ಕರು. ಗಾರ್ಡ್ ಬರೆದ ಹಾಳೆ ಹರಿದ.

"ಹಂಟಿಂಗ್ ಅನ್ನೋದನ್ನ ಈಗಲೇ ಅಳಿಸಿ. ಅದು ಸರಿ, ಅಸಲಿಗೆ ಇದನ್ನ ಎಷ್ಟು ಜನ ನೋಡ್ತಾರಮ್ಮ?"

"ನಮ್ಮ ಮನೆಯವರನ್ನ ಬಿಟ್ರೆ ದಿನಕ್ಕೆ ನಲವತ್ತು, ಐವತ್ತು."

ಅಪಾಯ ಕಳೆದದ್ದೇ ಸುಬ್ಬಪ್ಪನವರಿಗೆ ಸಾಬರ ಪರಿಚಯ ಮರಳಿತು. "ನಲವತ್ತಾ! ಕಾಲಿನ ಕೆಸರು ಒರೆಸಕ್ಕೇ ದಿನಾ ನಲವತ್ತು ಜನ ಬರ್ತಾರೆ ನನ್ನ ಮೆಟ್ಟಿಲಿಗೆ! ಸಾಬ್ರೇ, ಹಾರಾನೂ ಇಲ್ಲ, ಜಾಹೀರಾತೂ ಇಲ್ಲ!"

ಜನ ಗೊಳ್ಳೆಂದರು. ಮುನೀರ್ ಸಾಬರ ಮುಖ ಬಾಡಿತು. "ನೀವು ಹೇಳೋದು ಸರಿ ಸುಬ್ಬಪ್ಪನೋರೆ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ಬೋರ್ಡಲ್ಲೂ ಸುಳ್ಳು ಬರೆದಿರಲಿಲ್ಲ. ಇದು ಬೇಡ" ಎಂದು ಏಣಿ ಹತ್ತಿ ಬ್ಯಾನರಿನ ಹಗ್ಗಕ್ಕೆ ಕೈ ಹಾಕಿದರು.

"ಏಯ್! ಬಿಚ್ಚಬೇಡ್ರೀ! ನಿಲ್ಲಿಸ್ರೀ!"

ರಸ್ತೆಯಾಚೆಯಿಂದ ಒಬ್ಬ ರೈತರು ಬೈಕನ್ನು ಹಾಗೇ ಬಿಟ್ಟು ಓಡಿಬಂದರು. ಈಸೂರಿನ ಧರ್ಮಪ್ಪ. ಬಂದವರೇ ಬ್ಯಾನರಿನ ಕೊನೆಯ ಸಾಲಿಗೆ ಬೆರಳು ಮಾಡಿದರು.

"ಆ ಫೋನ್ ನಂಬರ್ ಬರೆದೋರು ಯಾರು?"

"ನಾನೇ" ಎಂದರು ಸಾಬರು ಏಣಿಯ ಮೇಲಿನಿಂದ. ಇನ್ನೊಂದು ಇಲಾಖೆ ಬಂತೆಂದೇ ಅವರು ತಿಳಿದರು.

"ಅದು ನನ್ನ ನಂಬರ್ ಕಣ್ರೀ!"

ಸುಬ್ಬಪ್ಪನವರು ಈಗ ಮೊದಲ ಸಲ ಕೊನೆಯ ಸಾಲು ಓದಿದರು. ಅವರ ನಂಬರಿನ ಕೊನೆಗೆ ಏಳು. ಬ್ಯಾನರಿನಲ್ಲಿ ಒಂದು. ಸೈಟಿಗೆ ಹಾಕಲು ಸಾಬರು ಚೀಟಿಯಲ್ಲಿ ಬರೆದುಕೊಟ್ಟಿದ್ದ ಏಳು ಎಷ್ಟು ಸೊಗಸಾಗಿತ್ತೆಂದರೆ ಸಬ್ರೀನ್ ಅದನ್ನು ಒಂದು ಎಂದು ಓದಿದ್ದಳು. ಸೈಟಿನಲ್ಲಿದ್ದದ್ದನ್ನೇ ಸಾಬರು ಬ್ಯಾನರಿಗೆ ಇಳಿಸಿದ್ದರು.

"ಹದಿನೈದಿಪ್ಪತ್ತು ದಿನದಿಂದ ನನಗೆ ಊಟಕ್ಕೆ ಕೂರಕ್ಕೆ ಬಿಟ್ಟಿಲ್ಲ!" ಧರ್ಮಪ್ಪ ಶುರುಮಾಡಿದರು. "ಸೊರಬದಿಂದ ಫೋನು, ಅಂಜನಾಪುರದಿಂದ ಫೋನು, ಈ ಆನವಟ್ಟಿಯಿಂದಲೇ ಎಷ್ಟೋ! ಎಲ್ಲರೂ ಒಂದೇ ಕೇಳೋದು, ಸ್ಪ್ರೇಯರ್ ಐತೇನ್ರೀ, ತಂತಿ ಐತೇನ್ರೀ. ಮೊದಲ ನಾಲ್ಕು ದಿನ ಬಾಯಿಗೆ ಬಂದಂಗೆ ಬೈದೆ. ಐದನೇ ದಿನ ನಮ್ಮ ಲೋಕಮ್ಮ ಅಂದ್ಲು, ಆ ಬೈಯೋ ಬಾಯಲ್ಲಿ ಒಂದು ರೇಟು ಹೇಳಬಾರದಾ ಅಂತ."

ಸುಬ್ಬಪ್ಪನವರು ಒಂದು ಹೆಜ್ಜೆ ಮುಂದೆ ಬಂದರು. "ಹೇಳಿದ್ರಾ?"

"ಹೇಳ್ದೆ! ಹೋಲ್‌ಸೇಲಲ್ಲಿ ತಂದು ಹನ್ನೊಂದು ಸ್ಪ್ರೇಯರ್ ಮಾರಿದೀನಿ. ಜಗಲಿ ತುಂಬಾ ಈಗ ತಂತಿ. ಲೋಕಮ್ಮ ಫೋನ್ ಎತ್ತೋದಕ್ಕೇ ಅಂತ ಹೊಸ ಫೋನ್ ತಗೊಂಡಿದಾಳೆ. ಈ ಜಾಹೀರಾತು ಹಾಕಿದ ಪುಣ್ಯಾತ್ಮರು ಯಾರು ಅಂತ ಹುಡುಕ್ತಾ ಇದ್ದೆ. ನಂಬರ್ ಮಾತ್ರ ತೆಗೀಬೇಡ್ರಿ ಸಾಬ್ರೇ, ಏನು ಕೊಡಬೇಕೋ ಅದನ್ನ ನಾನೇ ಕೊಡ್ತೀನಿ!"

"ಹೆಂಗ್ರೀ ಕೊಡ್ತೀರಿ?" ಸುಬ್ಬಪ್ಪನವರು ಗುಡುಗಿದರು. "ಹೆಸರು ನಂದು! ಜಾಹೀರಾತು ನಂದು! ಬಂದ ಗಿರಾಕಿಗಳೆಲ್ಲ ನನ್ನವರು!"

"ನಂಬರು ನಂದಲ್ವಾ?"

"ಸಾಬ್ರೇ, ಏಣಿ ಇಳೀರಿ! ವರ್ಷಪೂರ್ತಿ ನನ್ನದೇ. ಮೊದಲು ಆ ಒಂದನ್ನ ಏಳು ಮಾಡಿ!"

"ಸಾಬ್ರೇ, ಇಳೀಬೇಡ್ರಿ! ಎರಡು ವರ್ಷಕ್ಕೆ ನಾನು ತಗೊಂತೀನಿ!"

ಒಬ್ಬರು ಏಣಿಯ ಎಡಗಾಲು ಹಿಡಿದರು, ಇನ್ನೊಬ್ಬರು ಬಲಗಾಲು. ನಡುವೆ ಮುನೀರ್ ಸಾಬರು ಹಗ್ಗ ಹಿಡಿದು ತೂಗಾಡಿದರು. ಸಂತೆಯ ಜನ ಎರಡು ಪಕ್ಷವಾದರು. ಕೊನೆಗೆ ಮಾನಸ ಮೇಡಂ ಅವರೇ ನಡುವೆ ನಿಂತು ತೀರ್ಮಾನ ಹೇಳಬೇಕಾಯಿತು. ಬೇಲಿ ತಂತಿಯ ಮೇಲೆ ನಿಗಾ ಇಡುವವರು ಬೇಲಿಯನ್ನೂ ಹಾಕಿಕೊಟ್ಟರು ಎನ್ನಬೇಕು. ಆನವಟ್ಟಿ, ಸೊರಬದ ಕಡೆಗೆ ಸುಬ್ಬಪ್ಪನವರ ನಂಬರು. ಈಸೂರು, ಅಂಜನಾಪುರದ ಕಡೆಗೆ ಧರ್ಮಪ್ಪನವರ ನಂಬರು. ಮಾಲು ಮಾತ್ರ ಧರ್ಮಪ್ಪ ಸುಬ್ಬಪ್ಪನವರ ಅಂಗಡಿಯಿಂದಲೇ ಎತ್ತಬೇಕು. ಸಾಬರು ಬಣ್ಣ, ಕುಂಚ ತರಿಸಿ ಅಲ್ಲೇ ಎರಡನೇ ನಂಬರನ್ನೂ ಬರೆದು, ನಡುವಿನ ಸಾಲಿನ ಮೇಲೆ ದಪ್ಪಗೆ ಬಿಳಿ ಬಣ್ಣ ಬಳಿದರು. ಸುಬ್ಬಪ್ಪನವರು ಹಾರ ಹಾಕಿದರು. ಅದು ಈ ಹೊತ್ತಿಗೆ ನಜ್ಜುಗುಜ್ಜಾಗಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

ಮನೆಗೆ ಬಂದ ಸಾಬರು ಇಪ್ಪತ್ತಾರು ಫೋನಿನಿಂದಲೂ ಆ ಆಪ್ ತೆಗೆಸಿದರು. ಸರ್ವರ್ ಬೀಗೆ ಮಾತ್ರ ಅಭ್ಯಾಸ ಬಿಡಲು ಒಂದು ವಾರ ಹಿಡಿಯಿತು. ರೊಟ್ಟಿಗಳು ಅಷ್ಟು ದಿನ ಸೀದವು.

ಮುಂದಿನ ತಿಂಗಳು ಶಿಕಾರಿಪುರದಲ್ಲಿ ಹೊಲಿಗೆ ತರಗತಿ ನಡೆಸುವ ಪ್ರಮೀಳಾ ಟೀಚರ್ ಜಾಹೀರಾತು ವಿಚಾರಿಸಲು ಮನೆಗೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಎಲ್ಲರೂ ಕೇಳುವುದನ್ನೇ ಕೇಳಿದರು.

"ನಿಮ್ಮ ಸೈಟಿಗೆ ರ‍್ಯಾಂಕ್ ಎಷ್ಟಿದೆ ಸಾಬ್ರೇ? ಈಗ ಎಲ್ಲಾ ರ‍್ಯಾಂಕ್ ನೋಡೇ ಕೊಡ್ತಾರಂತಲ್ಲ."

"ಅದು ಬ್ಯಾಡ ಟೀಚರ್. ಈಸೂರಿಂದು ಒಂದು ನಂಬರ್ ಕೊಡ್ತೀನಿ. ಧರ್ಮಪ್ಪ, ಲೋಕಮ್ಮ ಅಂತ ಗಂಡ ಹೆಂಡತಿ. ನೀವೇ ಫೋನ್ ಮಾಡಿ, ಜಾಹೀರಾತಿನಿಂದ ಏನಾತು ಅಂತ ಕೇಳ್ರಿ."

ಟೀಚರ್ ನಂಬರ್ ಒತ್ತಿ ಕಿವಿಗಿಟ್ಟರು. ತೆಗೆದರು. ಎರಡು ನಿಮಿಷ ಬಿಟ್ಟು ಮತ್ತೆ ಒತ್ತಿದರು. ಸರ್ವರ್ ಬೀ ಚಹಾ ತಂದಿಟ್ಟರು. ಚಹಾ ಮುಗಿಯಿತು. ನಾಲ್ಕನೇ ಸಲ ಒತ್ತಿ, ಟೀಚರ್ ಫೋನನ್ನೇ ದಿಟ್ಟಿಸಿದರು.

"ಯಾವಾಗ ಮಾಡಿದ್ರೂ ಎಂಗೇಜ್ ಬರ್ತಿದೆಯಲ್ರೀ!"

ಮುನೀರ್ ಸಾಬರು ಜಾಹೀರಾತಿನ ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಅವರ ಮುಂದಿಟ್ಟರು.